ಮೈಸೂರು ಜಿಲ್ಲೆಯಲ್ಲಿ ಎಂಥ ಗಡಿ ಅಂತ ಕೇಳಿದವರಿಗೆ

ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಕೇರಳ, ಅದು ಎಲ್ಲರಿಗೂ ಗೊತ್ತು. ನಾನಿರುವುದು ಪಿರಿಯಾಪಟ್ಟಣದ ಕಡೆ. ಇಲ್ಲಿ ಗಡಿ ಅಂದರೆ ಕಾವೇರಿ. ಕೊಪ್ಪದ ಸೇತುವೆ ದಾಟಿದರೆ ಕುಶಾಲನಗರ, ಕೊಡಗು. ಈಗ ಅದು ಬರೀ ಜಿಲ್ಲೆ ಗಡಿ, ಆದರೆ 1956ರ ನವೆಂಬರ್ 1ರವರೆಗೆ ಆಚೆ ದಡ ಬೇರೆ ರಾಜ್ಯವೇ ಆಗಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ಕಿತ್ತುಕೊಂಡು ಮೈಸೂರಿಗೆ ಸೇರಿಸದೆ ತಾವೇ ಆಳಿದರು. ಸ್ವಾತಂತ್ರ್ಯ ಬಂದ ಮೇಲೂ ಅಲ್ಲಿಗೆ ಬೇರೆ ವಿಧಾನಸಭೆ, ಬೇರೆ ಮುಖ್ಯಮಂತ್ರಿ. ಒಂದು ಕಾಯ್ದೆ ಬಂತು, ಗಡಿ ಹೋಯಿತು. ಕೊಡಗು ಪ್ರತ್ಯೇಕವಾಗಬೇಕು ಅನ್ನುವ ದನಿ ಮಾತ್ರ ಪೂರ್ತಿ ಹೋಗಿಲ್ಲ.

ದೇಶದ ಗಡಿ ನೋಡಬೇಕಾ? ಹೊಳೆ ದಾಟಬೇಡಿ, ಈಚೆಗೇ ಟಿಬೆಟ್ ನಿರಾಶ್ರಿತರು ನೆಲೆಸಿರುವ ಬೈಲಕುಪ್ಪೆಗೆ ಬನ್ನಿ.

1959ರ ಮಾರ್ಚಿನಲ್ಲಿ ಟಿಬೆಟ್ಟಿನ ಲ್ಹಾಸಾದಲ್ಲಿ ಚೀನಾದ ವಿರುದ್ಧ ಜನ ದಂಗೆ ಎದ್ದರು, ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆಯೇ ಸಾವಿರಾರು ಜನ. ಅವರು ನೆಲೆಸಲು ಆಗಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ದಲೈ ಲಾಮಾ ದಾಟಿ ಬಂದದ್ದು ಭಾರತ, ಟಿಬೆಟ್ ನಡುವಿನ ಮ್ಯಾಕ್‌ಮಹೋನ್ ರೇಖೆ. 1914ರಲ್ಲಿ ಬ್ರಿಟಿಷರು ಆ ಗೆರೆ ಎಳೆದಾಗ ಅದಕ್ಕೆ ಒಪ್ಪಿದ್ದು ಟಿಬೆಟ್ಟಿನ ಪ್ರತಿನಿಧಿ. ಟಿಬೆಟ್ಟಿಗೆ ಒಪ್ಪುವ ಅಧಿಕಾರವೇ ಇರಲಿಲ್ಲ ಅಂತ ಚೀನಾ ಇವತ್ತಿಗೂ ತಕರಾರು ಮಾಡುತ್ತದೆ, ಭಾರತ ಅದೇ ನಮ್ಮ ಗಡಿ ಅನ್ನುತ್ತದೆ. ಆ ಗೆರೆ ಒಪ್ಪಿದವರ ಮೊಮ್ಮಕ್ಕಳು ಮಾತ್ರ ನಮ್ಮ ತಾಲ್ಲೂಕಿನಲ್ಲೇ ಹುಟ್ಟಿ ಬೆಳೆದರೂ ಕಾಗದದಲ್ಲಿ ವಿದೇಶಿಯರು. ಇದು ನನಗೆ ತುಂಬಾ ಸಂಕಟದ ವಿಷಯ.

ನನ್ನ ಟಿಬೆಟ್ ಗೆಳೆಯನೊಬ್ಬ ಬೈಲಕುಪ್ಪೆಯಲ್ಲಿ ಮುಸುಕಿನ ಜೋಳ ಬೆಳೆಯುತ್ತಾನೆ, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾನೆ. ಅವನ ಕನ್ನಡ ನನ್ನದಕ್ಕಿಂತ ಚುರುಕು. ಇಲ್ಲಿರಲು ಆರ್‌ಸಿ ಅನ್ನುವ ನೋಂದಣಿ ಪತ್ರ ಇಟ್ಟುಕೊಳ್ಳಬೇಕು, ಅವಧಿ ಮುಗಿದಾಗೆಲ್ಲ ಹೊಸದು ಮಾಡಿಸಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಒಂದು ಹಳದಿ ಪುಸ್ತಕ. ನಮ್ಮ ಚುನಾವಣೆಯಲ್ಲಿ ಅವನಿಗೆ ಓಟಿಲ್ಲ, ಆದರೆ ಹಿಮಾಚಲದ ಧರ್ಮಶಾಲಾದಲ್ಲಿರುವ, ದೇಶ ಬಿಟ್ಟ ಟಿಬೆಟ್ಟಿನವರ ಸಂಸತ್ತಿಗೆ ಬೈಲಕುಪ್ಪೆಯಲ್ಲೇ ಓಟು ಹಾಕುತ್ತಾನೆ. ಆ ಸಂಸತ್ತಿನಲ್ಲಿ ಟಿಬೆಟ್ಟಿನ ಮೂರು ಪ್ರಾಂತ್ಯಕ್ಕೆ ತಲಾ 10 ಸ್ಥಾನ. ಅಜ್ಜ ಆ ಮೂರರಲ್ಲೊಂದಾದ ಖಾಮ್ ಕಡೆಯವರು, ಹಾಗಾಗಿ ಇವನು ಕಣ್ಣಲ್ಲೇ ಕಾಣದ ಖಾಮ್‌ನ ಮತದಾರ.

ಅವನು ಭಾರತೀಯ ಆಗಬಹುದು, ಅದೂ ನಿಜ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು, ಕಾನೂನು ಹಾಗಿದೆ. ಟಿಬೆಟ್ಟಿನವರಿಗೂ ಅದು ಸಲ್ಲುತ್ತದೆ ಅಂತ 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಕೆಲವರು ಪೌರತ್ವದ ಕಾಗದ ಮಾಡಿಸಿಕೊಂಡಿದ್ದಾರೆ. ಇವನು ಒಲ್ಲೆ ಅಂದ. ನಾವೆಲ್ಲ ಭಾರತೀಯರಾಗಿಬಿಟ್ಟರೆ ಟಿಬೆಟ್ ಬೇಕು ಅಂತ ಕೇಳುವವರು ಯಾರು ಉಳಿಯುತ್ತಾರೆ ಅನ್ನುವುದು ಅವನ ಪ್ರಶ್ನೆ. ಉಪ್ಪು ತಿಂದ ಮನೆಗೆ ಇದೇನಾ ಕೊಡುವ ಮರ್ಯಾದೆ ಅಂತ ನಮ್ಮಲ್ಲಿ ಬೈಯುವವರಿದ್ದಾರೆ. ನಾನು ಅವರ ಜೊತೆ ಜಗಳ ಆಡಿದ್ದೇನೆ, ಇನ್ನೂ ಆಡುತ್ತೇನೆ. ಊರು ಕಳೆದುಕೊಂಡವರಿಗೆ ಅದರ ಹೆಸರೂ ಬಿಡಿ ಅನ್ನುವುದು ಯಾವ ನ್ಯಾಯ?

ಬರುವುದಾದರೆ ಒಂದು ಮಾತು. ನಿಮ್ಮ ಜೊತೆ ಬೇರೆ ದೇಶದ ಪಾಸ್‌ಪೋರ್ಟ್ ಇರುವವರು ಇದ್ದರೆ ಬೈಲಕುಪ್ಪೆ ಒಳಗೆ ರಾತ್ರಿ ತಂಗಲು ದೆಹಲಿಯ ಗೃಹ ಸಚಿವಾಲಯದ ಅನುಮತಿ ಬೇಕು. ಅದು ಬರಲು ಟೈಮ್ ಹಿಡಿಯುತ್ತದೆ, ಮೊದಲೇ ಅರ್ಜಿ ಹಾಕಿ. ಇಲ್ಲಾಂದ್ರೆ ಕುಶಾಲನಗರದಲ್ಲಿ ರೂಮ್ ಮಾಡಿ, ಬೆಳಿಗ್ಗೆ ಸೇತುವೆ ದಾಟಿ ಬನ್ನಿ.