ನಿಮ್ಮ ‘ದೈತ್ಯ ಸೊಳ್ಳೆ’ ಲೇಖನದ ಬಗ್ಗೆ

ನಮಸ್ಕಾರ.

‘ಮನೆಗೆ ಬಂದ ದೈತ್ಯ ಸೊಳ್ಳೆ’ ಲೇಖನ ಓದಿದೆ. ಜೊತೆಗೆ ಕಳಿಸಿದ ಮೂರು ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಶುರುವಾಗುವುದು ನಿಮ್ಮ ಮೂರನೇ ಪುಟದಲ್ಲಿ. ಕಿಟಕಿಯ ಜಾಲರಿಗೆ ಸಿಕ್ಕಿಕೊಂಡ ಹುಳವನ್ನು ಬಿಡಿಸಲು ಹೋದಿರಿ. ಹುಳ ಹಾರಿಹೋಯಿತು, ಒಂದು ಕಾಲು ನಿಮ್ಮ ಬೆರಳಲ್ಲಿ ಉಳಿಯಿತು. “ಹಿಡಿದಿದ್ದೇನೆ ಅಂತ ಕಣ್ಣಿಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ” ಅಂತ ಬರೆದಿದ್ದೀರಿ. ಎಷ್ಟು ಚೆನ್ನಾಗಿದೆ! ಅದಕ್ಕೂ ಮುಂಚಿನ ಎರಡು ಪುಟಗಳಲ್ಲಿ ನೀವು ಕಣ್ಣಾರೆ ಕಂಡದ್ದು ಏನೂ ಇಲ್ಲ. ಎಲ್ಲ ಅಲ್ಲಿ ಇಲ್ಲಿ ಓದಿದ್ದು.

ಓದಿದ್ದರಲ್ಲಿ ತಪ್ಪೂ ಇದೆ. ನೀವು ಕಂಡದ್ದು ಕ್ರೇನ್ ಫ್ಲೈ, ಸೊಳ್ಳೆಯಂತೆ ಕಾಣುವ ಉದ್ದ ಕಾಲಿನ ಹುಳ. ಅದು ಸೊಳ್ಳೆಗಳನ್ನು ಹಿಡಿದು ತಿನ್ನುತ್ತದೆ ಅಂದಿದ್ದೀರಿ. ತಿನ್ನುವುದಿಲ್ಲ, ಕಚ್ಚುವುದೂ ಇಲ್ಲ. ರೆಕ್ಕೆ ಬಂದಮೇಲೆ ಅದು ಬದುಕುವುದೇ ಕೆಲವು ದಿನ. ಎಷ್ಟೋ ಬಗೆಗಳು ಆ ದಿನಗಳಲ್ಲಿ ಏನೂ ತಿನ್ನುವುದಿಲ್ಲ, ಕೆಲವು ಹೂವಿನ ರಸ ಹೀರುತ್ತವೆ. ಅದು ಸೊಳ್ಳೆಯೂ ಅಲ್ಲ. ಸೊಳ್ಳೆಗೆ ಉದ್ದ ಸೊಂಡಿಲಿದೆ, ರೆಕ್ಕೆಯ ನರಗಳ ಮೇಲೆ ಪುಡಿಯಂಥ ಹುರುಪೆ ಇದೆ. ಇದಕ್ಕೆ ಎರಡೂ ಇಲ್ಲ. ಹಾಗಾಗಿ ತಲೆಬರಹ ಬದಲಾಗಲೇಬೇಕು.

ನನ್ನ ದೊಡ್ಡ ತಕರಾರು ಬೇರೆ. “ಬೂದು ಬಣ್ಣ ನೋಡಿದರೆ ಇದು ಟಿಪುಲ ಪಲುಡೋಸ” ಅಂತ ಒಂದೇ ಸಾಲಿನಲ್ಲಿ ಪ್ರಭೇದದ ಹೆಸರಿಟ್ಟುಬಿಟ್ಟಿದ್ದೀರಿ. ಜಗತ್ತಿನಲ್ಲಿ ಹೆಸರು ಪಡೆದ ಕ್ರೇನ್ ಫ್ಲೈ ಪ್ರಭೇದಗಳು 15,000ಕ್ಕೂ ಹೆಚ್ಚು. ಅಮೆರಿಕದ ಕೀಟತಜ್ಞ ಚಾರ್ಲ್ಸ್ ಅಲೆಕ್ಸಾಂಡರ್ (1889–1981) ಒಬ್ಬರೇ 11,000ಕ್ಕಿಂತ ಜಾಸ್ತಿ ಪ್ರಭೇದಗಳನ್ನು ವಿವರಿಸಿದರು. ಇವುಗಳಲ್ಲಿ ಬೂದು, ಕಂದು ಬಣ್ಣದವು ಲೆಕ್ಕವಿಲ್ಲದಷ್ಟು. ಬಣ್ಣ ನೋಡಿ ಪ್ರಭೇದ ಹೇಳುವುದು ಆಗದ ಮಾತು. ಬಹಳ ಸಲ ಗಂಡಿನ ಹೊಟ್ಟೆಯ ತುದಿಯ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ ತಜ್ಞರು ಹೆಸರು ಹೇಳುತ್ತಾರೆ.

ಈಗ ನಿಮ್ಮದೇ ಫೋಟೋಗಳಿಗೆ ಬರೋಣ. ನಿಮ್ಮ ಹತ್ತಿರ ಎಷ್ಟೊಂದು ಇದೆ ಅಂತ ನಿಮಗೇ ಗೊತ್ತಾಗಿಲ್ಲ.

ಮೊದಲನೆಯದನ್ನು ಮೇಲಿನಿಂದ ತೆಗೆದಿದ್ದೀರಿ. ರೆಕ್ಕೆಗಳ ಬುಡದ ನಡುವೆ, ಬೆನ್ನ ಮೇಲೆ, ಇಂಗ್ಲಿಷಿನ ‘ವಿ’ ಅಕ್ಷರದಂಥ ಗೆರೆ ಸ್ಪಷ್ಟವಾಗಿದೆ. ಕ್ರೇನ್ ಫ್ಲೈ ಅನ್ನಲು ನಾವು ಮೊದಲು ಹುಡುಕುವುದೇ ಅದನ್ನು. ಚಳಿಗಾಲದ ಕ್ರೇನ್ ಫ್ಲೈ ಅಂತ ಕರೆಯುವ ಬೇರೆ ಗುಂಪೊಂದಿದೆ, ನೋಡಲು ಹೀಗೇ ಇರುತ್ತದೆ. ಅದರ ನೆತ್ತಿಯ ಮೇಲೆ ಮೂರು ಪುಟ್ಟ ಕಣ್ಣುಗಳಿರುತ್ತವೆ. ನಿಮ್ಮ ಹುಳದ ನೆತ್ತಿ ಬೋಳು.

ಎರಡನೇ ಫೋಟೋಗೆ “ಹೊಟ್ಟೆಯ ತುದಿಯ ಕೊಂಡಿ” ಅಂತ ಬರೆದಿದ್ದೀರಿ. ಅದು ಕೊಂಡಿಯಲ್ಲ, ಮೊಟ್ಟೆ ಇಡುವ ಅಂಗ. ಅಂದರೆ ನೀವು ಜಾಲರಿಯಿಂದ ಬಿಡಿಸಿದ್ದು ಹೆಣ್ಣನ್ನು. ಇದು ಲೇಖನದಲ್ಲಿ ಬರಬೇಡವೇ?

ಮೂರನೆಯದು ಪಕ್ಕದಿಂದ ತೆಗೆದದ್ದು. ಬಾಯಿಯ ಹತ್ತಿರ ಸಣ್ಣ ಮೀಸೆಯಂತೆ ನೇತಾಡುವ ಅಂಗಕ್ಕೆ ಪಾಲ್ಪ್ ಅನ್ನುತ್ತಾರೆ. ಟಿಪುಲಗಳಲ್ಲಿ ಅದರ ಕೊನೆಯ ತುಂಡು ಚಾಟಿಯ ಹಾಗೆ ಉದ್ದ ಇರುತ್ತದೆ. ನಿಮ್ಮ ಹುಳದಲ್ಲಿ ಮೋಟಾಗಿದೆ. ಹಾಗಾಗಿ ನೀವು ಕೊಟ್ಟ ಹೆಸರಿನಲ್ಲಿ ಪ್ರಭೇದ ಮಾತ್ರವಲ್ಲ, ಕುಟುಂಬವೇ ತಪ್ಪು. ಕ್ರೇನ್ ಫ್ಲೈಗಳನ್ನು ಈಗ ಸಾಮಾನ್ಯವಾಗಿ ನಾಲ್ಕು ಕುಟುಂಬಗಳಾಗಿ ವಿಂಗಡಿಸುತ್ತಾರೆ. ಟಿಪುಲಗಳ ಕುಟುಂಬವಾದ ಟಿಪುಲಿಡೆ ಹೋದರೆ ಉಳಿದದ್ದು ಮೂರು. ಲಿಮೋನಿಯಿಡೆ ಇರಬಹುದು ಅಂತ ನನ್ನ ಊಹೆ, ರೆಕ್ಕೆ ಮಡಚಿ ಬೆನ್ನ ಮೇಲೆ ಇಟ್ಟುಕೊಂಡಿರುವುದೂ ಅದಕ್ಕೆ ಹೊಂದುತ್ತದೆ. ಆದರೆ ಕೂತ ಭಂಗಿ ಸುಳಿವು ಮಾತ್ರ. ಉಳಿದ ಮೂರರಲ್ಲಿ ಇನ್ನೊಂದಾದ ಪೆಡಿಸಿಯಿಡೆ ಅಲ್ಲ ಅನ್ನಲು ಕಣ್ಣಿನ ಮೇಲೆ ಸಣ್ಣ ಕೂದಲಿಲ್ಲ ಅಂತ ಕಾಣಬೇಕು, ಅದು ಫೋಟೋದಲ್ಲಿ ಕಾಣುತ್ತಿಲ್ಲ. ಮಡಚಿದ ರೆಕ್ಕೆಯಲ್ಲಿ ನರಗಳನ್ನು ಎಣಿಸಲೂ ಆಗುವುದಿಲ್ಲ.

ಆದ್ದರಿಂದ “ಹೆಣ್ಣು ಕ್ರೇನ್ ಫ್ಲೈ, ಬಹುಶಃ ಲಿಮೋನಿಯಿಡೆ” ಅಂತ ಬರೆದು ಅಲ್ಲಿಗೇ ನಿಲ್ಲಿಸಿ. ಯಾಕೆ ಮುಂದೆ ಹೋಗಲಿಲ್ಲ ಅಂತಲೂ ಬರೆಯಿರಿ. ಓದುಗರಿಗೆ ಲ್ಯಾಟಿನ್ ಹೆಸರಿಗಿಂತ ಆ ವಿವರವೇ ಹೆಚ್ಚು ಉಪಯೋಗ, ಅಲ್ವಾ? ‘ಪ್ರಕೃತಿಯ ವಿಸ್ಮಯ’ ಐದು ಸಲ ಬಂದಿದೆ, ಐದನ್ನೂ ತೆಗೆಯಿರಿ.

ಮೂರನೇ ಪುಟದಿಂದ ಶುರುಮಾಡಿ ಮತ್ತೆ ಬರೆದು ಕಳಿಸಿ. ಆ ಕಾಲನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ ಅಂದಿದ್ದಿರಿ. ಕ್ರೇನ್ ಫ್ಲೈ ಕಾಲು ಸಾಮಾನ್ಯವಾಗಿ ಕಂಡಕಂಡಲ್ಲಿ ಮುರಿಯುವುದಿಲ್ಲ, ತೊಡೆಯ ಬುಡದ ಸಂದಿಯಲ್ಲೇ ಕಳಚುತ್ತದೆ. ಭೂತಗನ್ನಡಿ ಇಟ್ಟು ನೋಡಿ. ನಿಮ್ಮದು ಎಲ್ಲಿ ಕಳಚಿದೆ?