ಪಾಸ್ತಾವನ್ನು ಬೇಯಿಸುವ ಮೊದಲು ತೂಗಿರಿ, ಎಣ್ಣೆಯ ಬಾಟಲಿಯನ್ನೂ ತೂಗಿರಿ

ಚಿತ್ರದುರ್ಗದ ತಂಗಿಗೆ ನಮಸ್ಕಾರ. ತೂಕ ಇಳಿಸುವವರ ನಮ್ಮ ಗುಂಪಿನಲ್ಲಿ ನಿನ್ನೆ ರಾತ್ರಿ ನೀವು ಹಾಕಿದ ಪಾಸ್ತಾ ತಟ್ಟೆಯ ಚಿತ್ರವನ್ನೂ ಅದರ ಕೆಳಗಿನ ಲೆಕ್ಕವನ್ನೂ ನೋಡಿದೆ. ಬೆಂದ ಪೆನ್ನೆಯನ್ನು, ಅಂದರೆ ಕೊಳವೆಯಂತಹ ಪಾಸ್ತಾವನ್ನು, 200 ಗ್ರಾಂ ತೂಗಿ, ಪ್ಯಾಕೆಟ್ಟಿನ ಮೇಲಿದ್ದ ಅಂಕಿಯಿಂದ ಗುಣಿಸಿ, 710 ಕ್ಯಾಲೊರಿ ಬಂತೆಂದು ಗಾಬರಿಯಾಗಿ, ಈಗ ಅದನ್ನು 70 ಗ್ರಾಂಗೆ ಇಳಿಸಿದ್ದೀರಿ. ಅಷ್ಟು ಮಾಡಿಯೂ ಬೆಳಿಗ್ಗೆ ತೂಕ ಒಂದು ಕಿಲೊ ಹೆಚ್ಚು ತೋರಿಸಿತು, ಆದ್ದರಿಂದ ಪಾಸ್ತಾವನ್ನೇ ಬಿಟ್ಟುಬಿಡುತ್ತೇನೆ ಎಂದು ಬರೆದಿದ್ದೀರಿ. ಅದರ ಕೆಳಗೆ ನಮ್ಮ ಗುಂಪಿನವರು ಸಾಲಾಗಿ ‘ಬಿಡುವುದೇ ಒಳ್ಳೆಯದು, ಅದು ಬರೀ ಮೈದಾ’ ಎಂದು ಹೇಳಿರುವುದನ್ನು ಓದಿ ನನಗೆ ನಿಜಕ್ಕೂ ಬೇಸರವಾಯಿತು. ದಯವಿಟ್ಟು ಬಿಡಬೇಡಿ. ಇದೇ ತಪ್ಪನ್ನು ನಾನು ಮಾಡಿದ್ದೇನೆ, ಅದಕ್ಕಾಗಿ ಒಂದೂವರೆ ತಿಂಗಳು ಅರೆಹೊಟ್ಟೆಯಲ್ಲಿ ಮಲಗಿದ್ದೇನೆ.

ಪ್ಯಾಕೆಟ್ಟಿನ ಹಿಂದೆ 100 ಗ್ರಾಂಗೆ ಸುಮಾರು 355 ಕ್ಯಾಲೊರಿ ಎಂದು ಬರೆದಿರುವುದು ಒಣ ಪಾಸ್ತಾಕ್ಕೆ. ಬೆಂದಾಗ ಅದು ನೀರು ಕುಡಿದು ಎರಡೂಕಾಲು, ಕೆಲವೊಮ್ಮೆ ಎರಡೂವರೆ ಪಟ್ಟು ತೂಗುತ್ತದೆ. ನೀರಿಗೆ ಕ್ಯಾಲೊರಿ ಇಲ್ಲ. ಆದ್ದರಿಂದ ಬೆಂದ 100 ಗ್ರಾಂನಲ್ಲಿ ಇರುವುದು ಹೆಚ್ಚೆಂದರೆ 150ರಿಂದ 160 ಕ್ಯಾಲೊರಿ ಮಾತ್ರ. ನಿಮ್ಮ ಮೊದಲ ದಿನದ 200 ಗ್ರಾಂ ತಟ್ಟೆಯಲ್ಲಿ ಪಾಸ್ತಾದಿಂದ ಬಂದದ್ದು 710 ಅಲ್ಲ, ಸುಮಾರು 310. ಈಗ ತಿನ್ನುತ್ತಿರುವ 70 ಗ್ರಾಂನಲ್ಲಿ 110 ಕೂಡ ಇಲ್ಲ. ಅಷ್ಟು ತಿಂದು ರಾತ್ರಿ ಹತ್ತು ಗಂಟೆಗೆ ಹಸಿವಾಗದಿದ್ದರೆ ಅದೇ ಆಶ್ಚರ್ಯ.

ನನ್ನ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಗಳು ರಜೆಗೆ ದಾವಣಗೆರೆಗೆ ಬಂದಾಗ ವಾರಕ್ಕೆರಡು ಸಲ ಪಾಸ್ತಾ ಆಗುತ್ತಿತ್ತು. ನಾನು ಆಗಷ್ಟೇ ಕ್ಯಾಲೊರಿ ಬರೆದಿಡಲು ಆರಂಭಿಸಿದ್ದೆ. ಬೆಂದ ಪೆನ್ನೆಯನ್ನು ಸ್ಟೀಲ್ ತಟ್ಟೆಗೆ ಹಾಕಿ 80 ಗ್ರಾಂಗೆ ನಿಲ್ಲಿಸುತ್ತಿದ್ದೆ, ತಟ್ಟೆಯ ತಳ ಕೂಡ ಮುಚ್ಚುತ್ತಿರಲಿಲ್ಲ. ಎಲ್ಲರೂ ಊಟ ಮುಗಿಸಿ ಎದ್ದ ಮೇಲೆ ಡಬ್ಬಿಯಿಂದ ಒಗ್ಗರಣೆ ಮಂಡಕ್ಕಿಯನ್ನು ತೆಗೆದು, ಪುಟಾಣಿ ಪುಡಿ ಹಾಕಿಕೊಂಡು, ಟೀವಿ ಮುಂದೆ ಕುಳಿತು ತಿನ್ನುತ್ತಿದ್ದೆ. ಮಂಡಕ್ಕಿ ಹಗುರವಾದ ಪದಾರ್ಥ, ಅದನ್ನೇನು ಬರೆಯುವುದು ಎಂಬ ಭಾವನೆ ನನ್ನದಾಗಿತ್ತು. ನಮ್ಮೂರಿನಲ್ಲಿ ಮಂಡಕ್ಕಿಯನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ. ಆದರೆ ತೂಕಕ್ಕೆ ತೂಕ ನೋಡಿದರೆ ಅದು ಒಣ ಪಾಸ್ತಾಕ್ಕಿಂತ ಹೆಚ್ಚೇನೂ ಕಡಿಮೆ ಇಲ್ಲ, ಒಗ್ಗರಣೆಯ ಎಣ್ಣೆ ಅದಕ್ಕೆ ಬೇರೆ ಸೇರುತ್ತದೆ. ಆರು ವಾರವಾದರೂ ನನ್ನ ತೂಕ ಇಳಿಯಲಿಲ್ಲ. ಕೊನೆಗೆ ಮಗಳೇ ಪ್ಯಾಕೆಟ್ಟನ್ನು ಕೈಗೆ ಕೊಟ್ಟು, ‘ಅಮ್ಮ, ಇದು ಒಣ ತೂಕದ್ದು’ ಎಂದು ತೋರಿಸಿದಳು.

ಅದೇ ದಿನ ನಾನು ಮಾಡಿದ ಇನ್ನೊಂದು ಕೆಲಸವನ್ನು ನೀವೂ ಇವತ್ತೇ ಮಾಡಬೇಕು. ಅಡುಗೆಗೆ ಮೊದಲು ಎಣ್ಣೆಯ ಬಾಟಲಿಯನ್ನು ತಕ್ಕಡಿಯ ಮೇಲೆ ಇಟ್ಟೆ, 912 ಗ್ರಾಂ ಇತ್ತು. ಎಂದಿನಂತೆ ಕೈಯಳತೆಯಲ್ಲಿ ಸುರಿದು, ಬೆಳ್ಳುಳ್ಳಿ ಈರುಳ್ಳಿ ಬಾಡಿಸಿ, ಮತ್ತೆ ಮೇಲೊಂದು ಸುತ್ತು ಬಿಟ್ಟು, ಬಾಟಲಿಯನ್ನು ಮತ್ತೆ ಇಟ್ಟಾಗ 871 ತೋರಿಸಿತು. 41 ಗ್ರಾಂ ಎಣ್ಣೆ ಹೋಗಿತ್ತು. ಎಣ್ಣೆ ಗ್ರಾಂಗೆ 9 ಕ್ಯಾಲೊರಿಯಂತೆ ಅದು 369 ಆಯಿತು. ಆ ಎಣ್ಣೆಯಲ್ಲಿ ಒಂದು ಗ್ರಾಂ ಕೂಡ ನನ್ನ ಪುಸ್ತಕದಲ್ಲಿ ಇರಲಿಲ್ಲ. ಒಬ್ಬರಿಗೆ ಸಾಕಾಗುವ 60 ಗ್ರಾಂ ಒಣ ಪಾಸ್ತಾದಲ್ಲಿ ಇರುವುದು ಸುಮಾರು 213 ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ನಿಮ್ಮ ಚಿತ್ರದಲ್ಲಿ ಬಿಳಿ ಸಾಸ್ ಇದೆ, ‘ಸಾಸ್ 50’ ಎಂದಷ್ಟೇ ಬರೆದಿದ್ದೀರಿ. ಅದರಲ್ಲಿ ಎರಡು ದೊಡ್ಡ ಚಮಚ ಬೆಣ್ಣೆ ಇದ್ದರೆ ಅದೊಂದೇ 200 ಕ್ಯಾಲೊರಿ. ಮೇಲೆ ತುರಿದ ಎರಡು ಚೀಸ್ ಕ್ಯೂಬ್ ಸೇರಿದರೆ ಇನ್ನೂ 120ರಿಂದ 150. ಬೆಣ್ಣೆ ದೋಸೆಯ ಊರಿನಲ್ಲಿ ಕುಳಿತು ಬೆಣ್ಣೆಯ ಮೇಲೆ ದೂರು ಹೇಳುವ ಮನಸ್ಸು ನನಗಿಲ್ಲ, ತಿನ್ನುವ ದಿನ ನಾನೂ ತಿನ್ನುತ್ತೇನೆ. ಆದರೆ ಬೆಣ್ಣೆಯನ್ನು ತಿಂದು ತಪ್ಪನ್ನು ಪಾಸ್ತಾದ ತಲೆಗೆ ಕಟ್ಟುವುದು ಸರಿಯಲ್ಲ. ಗುಂಪಿನ ಹಿರಿಯರೊಬ್ಬರು ‘ಚಳ್ಳಕೆರೆಯ ಗಾಣದ ಶೇಂಗಾ ಎಣ್ಣೆ ಹಾಕಿದರೆ ಏನೂ ಆಗುವುದಿಲ್ಲ’ ಎಂದಿದ್ದಾರೆ. ಅದರ ಘಮ ನನಗೂ ಇಷ್ಟ. ಆದರೂ ಗಾಣದ್ದಿರಲಿ, ರಿಫೈನ್ಡ್ ಇರಲಿ, ದುಬಾರಿ ಆಲಿವ್ ಎಣ್ಣೆಯಿರಲಿ, ಗ್ರಾಂಗೆ ಅದೇ 9 ಕ್ಯಾಲೊರಿ. ತಿಳಿದವರು ಇಂತಹ ಮಾತನ್ನು ಹೊಸಬರಿಗೆ ಹೇಳಬಾರದು.

ಇನ್ನು ಮನೆಮಂದಿಗೆಲ್ಲ ಒಟ್ಟಿಗೆ ಮಾಡುವಾಗ ಲೆಕ್ಕ ಇಡುವ ಬಗೆ. ಒಬ್ಬೊಬ್ಬರ ಪಾಲನ್ನು ಬೇರೆ ಬೇರೆ ಬೇಯಿಸಲು ಯಾರಿಂದಲೂ ಆಗುವುದಿಲ್ಲ, ಮಾಡಲೂ ಬೇಡಿ. ನಾನು ಮೊದಲು ಖಾಲಿ ಬಾಣಲೆಯನ್ನು ತೂಗಿ ಅದರ ತೂಕವನ್ನು ಅಡುಗೆಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಶಾಶ್ವತವಾಗಿ ಬರೆದಿಟ್ಟಿದ್ದೇನೆ: 1,140 ಗ್ರಾಂ. ಕಳೆದ ಭಾನುವಾರ ನಾಲ್ವರಿಗೆ 240 ಗ್ರಾಂ ಒಣ ಪೆನ್ನೆ, 20 ಗ್ರಾಂ ಎಣ್ಣೆ, 40 ಗ್ರಾಂ ಚೀಸ್, ಅರ್ಧ ಕಿಲೊ ತರಕಾರಿ, 400 ಗ್ರಾಂ ಟೊಮೆಟೊ, 200 ಗ್ರಾಂ ಬೆಂದ ಕಾಬೂಲಿ ಕಡಲೆ ಹಾಕಿದ್ದೆ. ಎಲ್ಲವನ್ನೂ ಕೂಡಿಸಿದರೆ ಸುಮಾರು 1,720 ಕ್ಯಾಲೊರಿ ಬಂತು. ಅಡುಗೆ ಮುಗಿದ ಮೇಲೆ ಬಾಣಲೆಯ ಸಮೇತ ತೂಗಿದಾಗ 2,590 ಗ್ರಾಂ, ಬಾಣಲೆಯನ್ನು ಕಳೆದರೆ 1,450. ಅಂದರೆ ಪ್ರತಿ ಗ್ರಾಂಗೆ 1.2 ಕ್ಯಾಲೊರಿಗಿಂತ ಸ್ವಲ್ಪ ಕಡಿಮೆ. ನನ್ನ ತಟ್ಟೆಗೆ 350 ಗ್ರಾಂ ಹಾಕಿಕೊಂಡೆ, 415 ಕ್ಯಾಲೊರಿ ಆಯಿತು. ಮಗಳಿಗೆ 450 ಗ್ರಾಂ, ಯಜಮಾನರಿಗೆ 400, ಅತ್ತೆಯವರಿಗೆ 250. ಯಾರಿಗೂ ಕಡಿಮೆಯೆನಿಸಲಿಲ್ಲ, ನನ್ನ ತಟ್ಟೆಯೂ ಅಂಚಿನವರೆಗೆ ತುಂಬಿತ್ತು. ಸಾಸ್ ಹೆಚ್ಚು ಇಂಗಿದರೆ ಒಟ್ಟು ತೂಕ ಇಳಿದು ಪ್ರತಿ ಗ್ರಾಂನ ಕ್ಯಾಲೊರಿ ಏರುತ್ತದೆ, ಆದ್ದರಿಂದ ಪ್ರತಿ ಸಲವೂ ಹೊಸದಾಗಿ ತೂಗಬೇಕು. ಹೋದ ವಾರದ ಅಂಕಿಯನ್ನು ಈ ವಾರಕ್ಕೆ ಬಳಸಬೇಡಿ.

ಬಟ್ಟಲಿನ ಅಳತೆಯನ್ನು ನಂಬಬೇಡಿ. ಒಂದು ಬಟ್ಟಲು ಸಣ್ಣ ಮ್ಯಾಕರೋನಿಯ ತೂಕವೂ ಒಂದು ಬಟ್ಟಲು ಪೆನ್ನೆಯ ತೂಕವೂ ಒಂದೇ ಆಗಿರುವುದಿಲ್ಲ, ಸ್ಪಗೆಟ್ಟಿಗಂತೂ ಬಟ್ಟಲಿನ ಮಾತೇ ಇಲ್ಲ. ಗ್ರಾಂ ಗ್ರಾಂ ತೋರಿಸುವ, ಐದು ಕಿಲೊವರೆಗೆ ತೂಗುವ ಡಿಜಿಟಲ್ ತಕ್ಕಡಿ ಸಾಕು, ಯಾವ ಕಂಪನಿಯದಾದರೂ ನಡೆಯುತ್ತದೆ. ತಂದ ದಿನವೇ ಅದರ ಮೇಲೆ ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಇಟ್ಟು ನೋಡಿ. ಹಾಲು ನೀರಿಗಿಂತ ಸ್ವಲ್ಪ ಭಾರವಾದ್ದರಿಂದ ಹೆಚ್ಚುಕಡಿಮೆ 515 ಗ್ರಾಂ, ಪ್ಲಾಸ್ಟಿಕ್ಕಿನ ಎರಡು ಮೂರು ಗ್ರಾಂ ಸೇರಿಸಿ, ತೋರಿಸಬೇಕು. 480 ಎಂದೋ 550 ಎಂದೋ ತೋರಿಸಿದರೆ ಅಂಗಡಿಗೆ ಮರಳಿಸಿ.

ಮೈದಾದ ಮಾತಿಗೆ ಬರುತ್ತೇನೆ. ಒಳ್ಳೆಯ ಪಾಸ್ತಾ ಡ್ಯೂರಮ್ ಗೋಧಿಯ ರವೆಯಿಂದ ಆಗುತ್ತದೆ, 100 ಗ್ರಾಂಗೆ 12 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. ಡ್ಯೂರಮ್ ನಮಗೆ ಪರಕೀಯವೇನೂ ಅಲ್ಲ, ಉತ್ತರ ಕರ್ನಾಟಕದ ರೈತರು ಅದನ್ನು ಬಹಳ ಕಾಲದಿಂದ ಬೆಳೆಯುತ್ತಿದ್ದಾರೆ. ಪ್ಯಾಕೆಟ್ಟಿನ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಡ್ಯೂರಮ್ ರವೆ ಆಗಿರಬೇಕು, ಏಕೆಂದರೆ ಹೆಚ್ಚು ಇರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ನಾನು ಬ್ಯಾರಿಲ್ಲಾ ಅಥವಾ ಡೆಲ್ ಮಾಂಟೆ ತರುತ್ತೇನೆ. ಬ್ಯಾರಿಲ್ಲಾ ಬೆಲೆ ಹೆಚ್ಚು, ಆದರೆ ಎರಡು ನಿಮಿಷ ಹೆಚ್ಚು ಬೆಂದರೂ ಮುದ್ದೆಯಾಗುವುದಿಲ್ಲ ಎಂಬುದು ನನ್ನ ಅನುಭವ. ಮಸಾಲೆ ಪುಡಿಯ ಪೊಟ್ಟಣ ಜೊತೆಗಿರುವ ದಿಢೀರ್ ಪಾಸ್ತಾವನ್ನು ಮಾತ್ರ ನಮ್ಮ ಮನೆಗೆ ತರುವುದಿಲ್ಲ, ಅದರ ಉಪ್ಪು ನನಗೆ ಒಗ್ಗುವುದಿಲ್ಲ.

ಇಡಿಗೋಧಿಯ ಪಾಸ್ತಾ ಕ್ಯಾಲೊರಿ ಇಳಿಸುತ್ತದೆ ಎಂದು ಭಾವಿಸಬೇಡಿ. ಅದರಲ್ಲಿ ನಾರು ಹೆಚ್ಚು, ಹೊಟ್ಟೆ ಹೆಚ್ಚು ಹೊತ್ತು ತಡೆಯುತ್ತದೆ, ಆದರೆ ಕ್ಯಾಲೊರಿ ಬಹುತೇಕ ಅಷ್ಟೇ. ಸಿರಿಧಾನ್ಯದ ಪಾಸ್ತಾ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಪ್ಯಾಕೆಟ್ಟುಗಳ ಹಿಂಭಾಗವನ್ನು ಓದಿಯೇ ದುಡ್ಡು ಕೊಡಿ, ಎಷ್ಟೋ ಸಲ ಅಲ್ಲಿ ಮೊದಲ ಹೆಸರು ಗೋಧಿಯದೇ ಇರುತ್ತದೆ. ಪಾಲಕ್ ಸೇರಿಸಿದ ಹಸಿರು ಪಾಸ್ತಾ ತರಕಾರಿಯ ಲೆಕ್ಕಕ್ಕೆ ಬರುವುದಿಲ್ಲ.

ಎಣ್ಣೆಯನ್ನು ಕಡಿಮೆ ಮಾಡಿಯೂ ರುಚಿ ಉಳಿಸಿಕೊಳ್ಳಲು ನನಗೆ ನೆರವಾದದ್ದು ಪಾಸ್ತಾ ಬೇಯಿಸಿದ ನೀರು. ಬಸಿಯುವ ಮೊದಲು ಒಂದು ಲೋಟ ತೆಗೆದಿಡಿ. ಅದರಲ್ಲಿರುವ ಪಿಷ್ಟ ಸ್ವಲ್ಪವೇ ಎಣ್ಣೆಯನ್ನು ಟೊಮೆಟೊದ ರಸದೊಂದಿಗೆ ಬೆರೆಸಿ, ಸಾಸ್ ಪ್ರತಿ ತುಂಡಿಗೂ ಅಂಟುವಂತೆ ಮಾಡುತ್ತದೆ. ಬೇಯುವ ನೀರಿಗೆ ಎಣ್ಣೆ ಹಾಕಬೇಡಿ, ಅದು ಮೇಲೆ ತೇಲುತ್ತದೆಯೇ ಹೊರತು ಅಂಟುವುದನ್ನು ತಪ್ಪಿಸುವುದಿಲ್ಲ. ಅಂಟದಿರಲು ನೀರು ಧಾರಾಳವಾಗಿರಬೇಕು, ಮೊದಲ ಎರಡು ನಿಮಿಷ ಕೈಯಾಡಿಸುತ್ತಿರಬೇಕು. ಬಸಿದ ಮೇಲೆ ತಣ್ಣೀರಿನಲ್ಲಿ ತೊಳೆಯುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ, ತೊಳೆದ ಪಾಸ್ತಾಕ್ಕೆ ಸಾಸ್ ಹಿಡಿಯುವುದಿಲ್ಲ, ಆಗ ಕೈ ಮತ್ತೆ ಬೆಣ್ಣೆಯ ಕಡೆಗೇ ಹೋಗುತ್ತದೆ. ಈರುಳ್ಳಿ ನಿಮ್ಮ ಜಿಲ್ಲೆಯದೇ ಬೆಳೆ. ಅದನ್ನು ಸಣ್ಣಗೆ ಹೆಚ್ಚಿ, ಒಂದು ಚಿಕ್ಕ ಚಮಚ ಎಣ್ಣೆಯಲ್ಲಿ, ಚಿಟಿಕೆ ಉಪ್ಪಿನೊಂದಿಗೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಾಡಿಸಿ, ತಳ ಹಿಡಿಯುವಂತಾದಾಗ ಒಂದು ಚಮಚ ನೀರು ಚಿಮುಕಿಸಿ. ಹದಿನೈದು ನಿಮಿಷದಲ್ಲಿ ಅದು ಹೊಂಬಣ್ಣಕ್ಕೆ ತಿರುಗಿ ಬೆಲ್ಲದಂತಹ ಸಿಹಿಯನ್ನು ಬಿಡುತ್ತದೆ. ಹುಳಿಯಿರುವ ನಾಟಿ ಟೊಮೆಟೊ, ಒಣ ಕೆಂಪು ಬ್ಯಾಡಗಿ ಮೆಣಸಿನಕಾಯಿಯ ತರಿ ಸೇರಿದರೆ ಸಾಕು, ಕೆಚಪ್ ಬೇಕಾಗುವುದಿಲ್ಲ, ಅದರಲ್ಲಿರುವ ಸಕ್ಕರೆಯೂ ತಪ್ಪುತ್ತದೆ.

ಬಿಳಿ ಸಾಸೇ ಬೇಕೆನಿಸಿದ ದಿನ, ನಂದಿನಿಯ ನೀಲಿ ಪ್ಯಾಕೆಟ್ಟಿನ ಹಾಲು 200 ಮಿಲಿ ಲೀಟರಿಗೆ ಎರಡು ಚಿಕ್ಕ ಚಮಚ ಕಾರ್ನ್ ಫ್ಲೋರನ್ನು ತಣ್ಣಗಿರುವಾಗಲೇ ಕದಡಿ, ಸುಟ್ಟ ಬೆಳ್ಳುಳ್ಳಿಯನ್ನು ಅರೆದು ಹಾಕಿ ಕುದಿಸಿ. ಕೊನೆಯಲ್ಲಿ 5 ಗ್ರಾಂ ಬೆಣ್ಣೆಯನ್ನು ಒಲೆ ಆರಿಸಿದ ಮೇಲೆ ಸೇರಿಸಿ. ಬೆಣ್ಣೆಯ ಪರಿಮಳ ಮೇಲೆಯೇ ನಿಲ್ಲುವುದರಿಂದ ಐದು ಗ್ರಾಂ ಕೂಡ ನಾಲಿಗೆಗೆ ತಿಳಿಯುತ್ತದೆ. ಮೊಸರು ಹಾಕುವವರು ಉರಿಯ ಮೇಲೆ ಹಾಕಬೇಡಿ, ಒಡೆದುಹೋಗುತ್ತದೆ. ಪನೀರ್ ಅರೆದು ಹಾಕಿದರೂ ಚೆನ್ನಾಗಿರುತ್ತದೆ, ಆದರೆ ಪನೀರ್ 100 ಗ್ರಾಂಗೆ 300ರ ಆಸುಪಾಸು ಇರುವುದರಿಂದ ಅದನ್ನೂ ತೂಗಲೇಬೇಕು.

ಬೆಳಿಗ್ಗೆ ಏರಿದ ಒಂದು ಕಿಲೊ ಬಗ್ಗೆ ನೀವು ಕಣ್ಣೀರು ಹಾಕುವಷ್ಟು ನೊಂದಿರುವುದು ಬರಹದಲ್ಲೇ ಕಾಣುತ್ತದೆ. ಅದು ಕೊಬ್ಬಲ್ಲ. ಒಂದು ಕಿಲೊ ಕೊಬ್ಬು ಸೇರಲು ದೇಹ ಖರ್ಚು ಮಾಡುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು, ಒಂದು ರಾತ್ರಿಯಲ್ಲಿ ನೀವು ಅಷ್ಟು ತಿಂದಿಲ್ಲ. ಉಪ್ಪು ನೀರನ್ನು ಹಿಡಿದಿಡುತ್ತದೆ. ಪಿಷ್ಟವನ್ನು ದೇಹ ಗ್ಲೈಕೋಜನ್ ಆಗಿ ಕೂಡಿಡುವಾಗಲೂ ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಸೇರುತ್ತದೆ. ಎರಡು ಮೂರು ದಿನದಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಪಾಸ್ತಾ ತಿಂದ ಮರುದಿನ ತೂಕ ನೋಡುವುದನ್ನು ನಾನು ಬಿಟ್ಟಿದ್ದೇನೆ, ವಾರಕ್ಕೊಮ್ಮೆ ಬುಧವಾರ ಬೆಳಿಗ್ಗೆ ಮಾತ್ರ ನೋಡುತ್ತೇನೆ.

ತಂಗಳು ಪಾಸ್ತಾದಲ್ಲಿ ಕ್ಯಾಲೊರಿ ಅರ್ಧವಾಗುತ್ತದೆ ಎಂದು ಒಬ್ಬರು ಬರೆದಿದ್ದಾರೆ. ಬೇಯಿಸಿ ತಣ್ಣಗಾದಾಗ ಪಿಷ್ಟದ ಸ್ವಲ್ಪ ಭಾಗ ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುವುದು ನಿಜ, ಆದರೆ ಅದರಿಂದಾಗುವ ಇಳಿಕೆ ಅಲ್ಪ, ಲೆಕ್ಕದಲ್ಲಿ ಕಳೆಯಬೇಡಿ. ಉಳಿಸುವುದಾದರೆ ಆರಿದ ಕೂಡಲೇ ಫ್ರಿಜ್ಜಿಗೆ ಇಡಿ, ನಮ್ಮ ಕಡೆಯ ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗಿಟ್ಟ ಪಾಸ್ತಾವನ್ನು ಯಾರಿಗೂ ಕೊಡಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಪಾಸ್ತಾದ ಪ್ರಮಾಣವನ್ನು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು, ನನ್ನ ಅಂಕಿಗಳು ಅವರಿಗಲ್ಲ. ಹಲ್ಲಿಗೆ ತುಸು ಗಟ್ಟಿ ಎನಿಸುವಾಗಲೇ ಬಸಿದ ಪಾಸ್ತಾ, ಮೆತ್ತಗಾಗುವವರೆಗೆ ಬೇಯಿಸಿದ್ದಕ್ಕಿಂತ ನಿಧಾನವಾಗಿ ಜೀರ್ಣವಾಗುತ್ತದೆ ಎಂಬುದು ಮಾತ್ರ ಎಲ್ಲರಿಗೂ ಅನ್ವಯಿಸುತ್ತದೆ.

ಇವತ್ತು ರಾತ್ರಿ ನಿಮ್ಮೊಬ್ಬರಿಗೆ ಮಾಡಿಕೊಳ್ಳುವುದಾದರೆ 60 ಗ್ರಾಂ ಒಣ ಪೆನ್ನೆ, ಬೀನ್ಸ್, ದೊಣ್ಣೆ ಮೆಣಸಿನಕಾಯಿ ಮತ್ತು ಅಣಬೆ ಎಲ್ಲ ಸೇರಿ 200 ಗ್ರಾಂ, 50 ಗ್ರಾಂ ಬೆಂದ ಕಡಲೆ, 5 ಗ್ರಾಂ ಎಣ್ಣೆ, 10 ಗ್ರಾಂ ಚೀಸ್ ತೆಗೆದುಕೊಳ್ಳಿ, 440 ಕ್ಯಾಲೊರಿಯ ಒಳಗೆ ಮುಗಿಯುತ್ತದೆ. ಒಣ ತೂಕ, ಬೆಂದ ಮೇಲಿನ ತೂಕ, ಎಣ್ಣೆಯ ಬಾಟಲಿಯ ಮೊದಲಿನ ಮತ್ತು ನಂತರದ ತೂಕ, ಈ ನಾಲ್ಕು ಅಂಕಿಗಳನ್ನು ಇಲ್ಲಿಯೇ ಕೆಳಗೆ ಬರೆಯಿರಿ. ಬೆಳಿಗ್ಗೆ ಎದ್ದ ಕೂಡಲೇ ನಾನು ಅವನ್ನು ನೋಡಿ, ಎಲ್ಲಿಯಾದರೂ ವ್ಯತ್ಯಾಸವಿದ್ದರೆ ಹೇಳುತ್ತೇನೆ.