ಓದುಗರ ಪ್ರಶ್ನೆಗೆ ಉತ್ತರ: ಕಾರ್ಟೂನಿಗಾಗಿ ಕಾದ ಬೆಳಗುಗಳು

ಬಾಲ್ಯದಲ್ಲಿ ನೋಡಿದ ಕಾರ್ಟೂನುಗಳ ಬಗ್ಗೆ ಹೋದ ತಿಂಗಳು ಈ ಅಂಕಣದಲ್ಲಿ ಬಂದ ಒಂದು ಚಿಕ್ಕ ಉತ್ತರಕ್ಕೆ ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ. ಅವುಗಳಲ್ಲಿ ಕೆಲವನ್ನು ಆಯ್ದು ಈ ಸಲದ ಪುಟವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿ ನೆಲೆಸಿರುವ ನಮ್ಮ ಅಣ್ಣ ಊರಿಗೆ ಬಂದಿದ್ದಾಗ, ಅಲ್ಲಿನ ಅವನ ಸಹೋದ್ಯೋಗಿಗಳು ‘ಶನಿವಾರ ಬೆಳಗಿನ ಕಾರ್ಟೂನು’ಗಳನ್ನು ನೆನೆದು ಹಂಬಲಿಸುತ್ತಾರೆ ಎಂದು ಹೇಳಿದ. ನಮಗೆ ನೆನಪಿರುವುದು ಭಾನುವಾರದ ಬೆಳಗು ಮಾತ್ರ. ಅಲ್ಲಿ ಶನಿವಾರ, ಇಲ್ಲಿ ಭಾನುವಾರ ಆದದ್ದು ಹೇಗೆ?
— ಓದುಗರು, ಗಂಗಾವತಿ

ಉತ್ತರ: ನಮ್ಮ ಮಕ್ಕಳಿಗೆ ಶನಿವಾರ ಬಿಡುವೇ ಇರಲಿಲ್ಲ. ಅಂದು ಬೆಳಗಿನ ಶಾಲೆ. ಬಿಳಿ ಅಂಗಿ ತೊಟ್ಟು, ಬಿಸಿಲೇರುವ ಮುಂಚೆಯೇ ಕವಾಯತಿಗೆ ನಿಂತು, ಊಟದ ಹೊತ್ತಿಗೆ ಮನೆ ಸೇರುತ್ತಿದ್ದ ಹುಡುಗರಿಗೆ ಶನಿವಾರ ಬೆಳಿಗ್ಗೆ ಟಿ.ವಿ. ಹಚ್ಚುವ ಮಾತೇ ಬರುತ್ತಿರಲಿಲ್ಲ. ಅಮೆರಿಕದಲ್ಲಿ ಶಾಲೆ ವಾರಕ್ಕೆ ಐದೇ ದಿನ. ಶನಿವಾರ ಬೆಳಿಗ್ಗೆ ದೊಡ್ಡವರು ಟಿ.ವಿ. ನೋಡುವುದು ಕಡಿಮೆಯಾದ್ದರಿಂದ ಆ ಹೊತ್ತಿನ ಜಾಹೀರಾತಿನ ದರವೂ ಅಗ್ಗವಾಗಿತ್ತು. ಬೆಳಗಿನ ತಿಂಡಿಯ ಸಿಹಿ ಪೊಟ್ಟಣಗಳನ್ನೂ ಆಟಿಕೆಗಳನ್ನೂ ಮಾರುವ ಕಂಪನಿಗಳಿಗೆ ಮಕ್ಕಳು ನೇರವಾಗಿ ಸಿಗುವ ವೇಳೆ ಅದೊಂದೇ. ಹೀಗಾಗಿ 1960ರ ದಶಕದ ನಡುವಿನಿಂದ ಸಿ.ಬಿ.ಎಸ್., ಎನ್.ಬಿ.ಸಿ., ಎ.ಬಿ.ಸಿ. ಎಂಬ ಮೂರೂ ದೊಡ್ಡ ವಾಹಿನಿಗಳು ಶನಿವಾರದ ಬೆಳಗನ್ನು ಕಾರ್ಟೂನುಗಳಿಗೆ ಬಿಟ್ಟುಕೊಟ್ಟವು.

ಇಲ್ಲಿದ್ದದ್ದು ದೂರದರ್ಶನವೊಂದೇ. 1987ರ ಜನವರಿಯಲ್ಲಿ ‘ರಾಮಾಯಣ’, ಮರುವರ್ಷದ ಅಕ್ಟೋಬರಿನಲ್ಲಿ ‘ಮಹಾಭಾರತ’ ಶುರುವಾದ ಮೇಲೆ ಭಾನುವಾರ ಬೆಳಗೆಂದರೆ ಮನೆಮಂದಿಯೆಲ್ಲ ಟಿ.ವಿ. ಮುಂದೆ ಕೂರುವ ಹೊತ್ತು ಎಂಬ ರೂಢಿ ಗಟ್ಟಿಯಾಯಿತು. 1990ರ ದಶಕದಲ್ಲಿ ‘ಜಂಗಲ್ ಬುಕ್’, ‘ಡಕ್‌ಟೇಲ್ಸ್’, ‘ಟೇಲ್‌ಸ್ಪಿನ್’ ಬಂದು ಕುಳಿತದ್ದು ಅದೇ ಹದವಾದ ಜಾಗದಲ್ಲಿ.

ಎರಡೂ ಕಡೆ ಆ ಬೆಳಗು ಮುಗಿದದ್ದಕ್ಕೆ ಮುಖ್ಯ ಕಾರಣ ಮಾತ್ರ ಒಂದೇ: ದಿನವಿಡೀ ಕಾರ್ಟೂನು ತೋರಿಸುವ ವಾಹಿನಿಗಳು. ಎನ್.ಬಿ.ಸಿ. 1992ರಲ್ಲೇ ಶನಿವಾರದ ಕಾರ್ಟೂನುಗಳನ್ನು ಕೈಬಿಟ್ಟಿತು, ವಾರಕ್ಕೆ ಮೂರು ಗಂಟೆ ಶೈಕ್ಷಣಿಕ ಕಾರ್ಯಕ್ರಮ ಇರಬೇಕೆಂಬ 1996ರ ನಿಯಮ ಉಳಿದವರನ್ನೂ ಬೇರೆ ದಾರಿಗೆ ತಿರುಗಿಸಿತು, 2014ರ ಸೆಪ್ಟೆಂಬರಿನಲ್ಲಿ ಕೊನೆಯ ವಾಹಿನಿಯೂ ನಿಲ್ಲಿಸಿತು. ನಮ್ಮಲ್ಲಿ ಕಾರ್ಟೂನ್ ನೆಟ್‌ವರ್ಕ್ 1995ರಲ್ಲಿ ಬಂತು. ಕೇಬಲ್ ತಂತಿ ಓಣಿಗೆ ಎಳೆದ ವರ್ಷವೇ ಆಯಾ ಊರಿನಲ್ಲಿ ಭಾನುವಾರದ ಕಾಯುವಿಕೆ ಸಡಿಲವಾಯಿತು ಎಂದು ಹೇಳಬಹುದು.

ಪ್ರಶ್ನೆ: ‘ಜಂಗಲ್ ಬುಕ್’ ಕಾರ್ಟೂನನ್ನು ನಮ್ಮ ದೇಶದವರೇ ತಯಾರಿಸಿದ್ದೆಂದು ನಾನು, ಅಲ್ಲವೆಂದು ನನ್ನ ತಮ್ಮ ವಾದಿಸುತ್ತಿದ್ದೇವೆ. ಯಾರದು ಸರಿ?
— ಓದುಗರು, ಕುಷ್ಟಗಿ

ಉತ್ತರ: ನಿಮ್ಮ ತಮ್ಮನದೇ ಸರಿ, ಆದರೆ ನಿಮ್ಮ ಮಾತಿನಲ್ಲೂ ಹುರುಳಿದೆ. ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ಕತೆಗಳು ನಡೆಯುವುದು ಮಧ್ಯ ಭಾರತದ ಸಿವನಿ ಕಾಡಿನಲ್ಲಿ. ಅವನ್ನು 52 ಕಂತುಗಳ ಕಾರ್ಟೂನಾಗಿ 1989ರಲ್ಲಿ ರೂಪಿಸಿದ್ದು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ. ದೂರದರ್ಶನದ ಹಿಂದಿ ಅವತರಣಿಕೆ 1993ರಲ್ಲಿ ಬಂತು. ಅದಕ್ಕೆ ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ರಾಗ ಹಾಕಿದ ಶೀರ್ಷಿಕೆ ಗೀತೆ ಮತ್ತು ಶೇರ್ ಖಾನನಿಗೆ ನಾನಾ ಪಾಟೇಕರ್ ಕೊಟ್ಟ ದನಿ ಎರಡೂ ಇಲ್ಲಿನವೇ. ನಮ್ಮ ನೆನಪಿನಲ್ಲಿ ಉಳಿದಿರುವುದೂ ಬಹುಮಟ್ಟಿಗೆ ಅವೆರಡೇ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ದಿನಗಳಲ್ಲಿ, ದೂರದರ್ಶನ ಇದನ್ನು ಮತ್ತೆ ಪ್ರಸಾರ ಮಾಡಿತ್ತು.

ಪ್ರಶ್ನೆ: 1975ರಲ್ಲಿ ನಾನು ಮೂರನೆಯ ತರಗತಿಯಲ್ಲಿದ್ದಾಗ ನಮ್ಮ ಹಳ್ಳಿಯ ಶಾಲೆಯಲ್ಲಿ ತಂತಿ ಬಲೆಯ ದೊಡ್ಡ ಕೊಡೆಯಂಥದ್ದನ್ನು ನಿಲ್ಲಿಸಿ ಟಿ.ವಿ. ತೋರಿಸಿದ್ದರು. ಬೆಂಗಳೂರಿನಲ್ಲಿ ಬೆಳೆದ ನಮ್ಮ ಅಳಿಯಂದಿರು, ಬೆಂಗಳೂರಿನಲ್ಲೇ ಇಲ್ಲದ ಟಿ.ವಿ. ನಿಮ್ಮ ಹಳ್ಳಿಗೆ ಹೇಗೆ ಬಂತು ಎಂದು ನಗುತ್ತಾರೆ. ನನ್ನ ನೆನಪು ಸರಿಯೇ?
— ಹಿರಿಯ ಓದುಗರು, ಮಾನ್ವಿ

ಉತ್ತರ: ನೂರಕ್ಕೆ ನೂರು ಸರಿ. ಈ ಪುಟವನ್ನೇ ಅಳಿಯಂದಿರ ಕೈಗೆ ಕೊಡಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಬಳಸಿಕೊಂಡು ನಮ್ಮ ಇಸ್ರೋ ಸಂಸ್ಥೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ತಲುಪಿಸಿತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳು. ಇಂದಿನ ಕೊಪ್ಪಳ ಜಿಲ್ಲೆ ಆಗ ರಾಯಚೂರಿನ ಭಾಗವಾಗಿತ್ತು. ಅದು ಬೇರೆಯಾದದ್ದು 1997ರಲ್ಲಿ. ನೀವು ಕಂಡ ಕೊಡೆ ಸುಮಾರು ಹತ್ತು ಅಡಿ ಅಗಲದ, ಕೋಳಿಗೂಡಿಗೆ ಬಳಸುವಂಥ ತಂತಿ ಬಲೆಯಿಂದ ಮಾಡಿದ ಆಂಟೆನಾ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ.

ಹಿಂದುಳಿದ ಸೀಮೆ ಎಂಬ ಕಾರಣಕ್ಕೇ ನಮ್ಮ ಜಿಲ್ಲೆಯನ್ನು ಆರಿಸಿದ್ದರು ಎಂಬುದನ್ನು ಮರೆಯುವಂತಿಲ್ಲ. ಆದರೂ ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ಈ ಸೀಮೆಯ ಮಕ್ಕಳು ಮೊದಲು ಕಂಡ ಟಿ.ವಿ. ಬೆಳಗಿನ ಹೊತ್ತಿನದು, ಮಕ್ಕಳಿಗೆಂದೇ ಮಾಡಿದ್ದು, ಮತ್ತು ಕನ್ನಡದ್ದು.

ಪ್ರಶ್ನೆ: ಚಿಕ್ಕವನಿದ್ದಾಗ ಕುಣಿದು ನೋಡಿದ ‘ಸ್ಪೈಡರ್ ಮ್ಯಾನ್’ ಕಾರ್ಟೂನನ್ನು ಈಚೆಗೆ ಮತ್ತೆ ನೋಡಿದೆ. ಹಿಂದೆ ಸರಿಯುವ ಕಟ್ಟಡಗಳು ಅವೇ, ಹಾರುವ ಭಂಗಿ ಅದೇ. ಹತ್ತು ನಿಮಿಷಕ್ಕೆ ಬೇಸರ ಬಂತು. ಆಗ ಹಾಗೇಕೆ ಅನಿಸಲಿಲ್ಲ?
— ಓದುಗರು, ಸಿರುಗುಪ್ಪ

ಉತ್ತರ: ಅದು 1967ರಲ್ಲಿ ಶುರುವಾದ, ತೀರಾ ಕಡಿಮೆ ಖರ್ಚಿನಲ್ಲಿ ಮಾಡಿದ ಸರಣಿ. ಸಿನಿಮಾ ಸುರುಳಿಯಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡಬೇಕು, ಟಿ.ವಿ.ಗಾಗಿ ವಾರವಾರವೂ ಒದಗಿಸಬೇಕಾದಾಗ ಅಷ್ಟನ್ನೂ ಬಿಡಿಸಲಾಗದೆ ಒಂದೇ ಚಿತ್ರವನ್ನು ಹಲವು ಚೌಕಟ್ಟುಗಳಿಗೆ ಹಿಡಿದಿಡುವುದು, ಮುಖವನ್ನು ಹಾಗೇ ಬಿಟ್ಟು ಬಾಯಷ್ಟನ್ನೇ ಆಡಿಸುವುದು, ಒಮ್ಮೆ ಬಿಡಿಸಿದ ಓಟವನ್ನೇ ಕಂತಿನಿಂದ ಕಂತಿಗೆ ಬಳಸುವುದು ವಾಡಿಕೆಯಾಯಿತು. ನೀವು ಗುರುತಿಸಿದ್ದು ಸರಿಯಾಗಿದೆ, ಅದರಲ್ಲಿ ಹಳೆಯ ತುಣುಕುಗಳನ್ನು ಧಾರಾಳವಾಗಿ ಮರುಬಳಕೆ ಮಾಡಿದ್ದಾರೆ.

ಆಗ ಬೇಸರವಾಗದಿರಲು ಕಾರಣ, ಉಳಿದದ್ದನ್ನು ತುಂಬಿಕೊಳ್ಳುವ ಕೆಲಸ ನಿಮ್ಮ ಪಾಲಿಗೆ ಬಂದಿತ್ತು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ತೊಗಲುಗೊಂಬೆಯ ಬಗ್ಗೆ ನೀವು ಓದಿರಬಹುದು. ಬಿಳಿ ಪರದೆಯ ಹಿಂದೆ ಒಂದು ದೀಪ, ಹದ ಮಾಡಿದ ಚರ್ಮದ ಮೇಲೆ ಬಣ್ಣ, ಆಡುವುದು ಕೈಕಾಲಿನ ಕೆಲವೇ ಕೀಲುಗಳು. ಗೊಂಬೆಯ ಮುಖ ರಾತ್ರಿಯಿಡೀ ಒಂದೇ ಆಗಿದ್ದರೂ ಎದುರು ಕುಳಿತವರು ಅದು ಅತ್ತದ್ದನ್ನೂ ಸಿಟ್ಟಾದದ್ದನ್ನೂ ಕಾಣುತ್ತಾರೆ. ಕಡಿಮೆ ಆಡುವ ಚಿತ್ರಕ್ಕೆ ಜೀವ ತುಂಬುವ ಈ ಬಗೆ ನಮ್ಮ ಸೀಮೆಗೆ ಟಿ.ವಿ.ಗಿಂತ ಎಷ್ಟೋ ಹಳೆಯದು.

ಪ್ರಶ್ನೆ: ಆರು ವರ್ಷದ ನನ್ನ ಮಗ ಮೊಬೈಲಿನಲ್ಲಿ ಹಿಂದಿ ಕಾರ್ಟೂನು ಬಿಟ್ಟರೆ ಬೇರೇನೂ ನೋಡುವುದಿಲ್ಲ. ಕಸಿದುಕೊಂಡರೆ ರಂಪ. ‘ನಾವೂ ಹಿಂದಿಯಲ್ಲೇ ನೋಡಿ ಬೆಳೆದಿಲ್ಲವೇ, ಏನಾಯಿತು’ ಎನ್ನುತ್ತಾರೆ ಯಜಮಾನರು. ಅದೂ ನಿಜ. ಆದರೂ ನಮ್ಮ ಬಾಲ್ಯದ ಆ ಖುಷಿ ಇವನಲ್ಲಿ ಕಾಣುತ್ತಿಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ನಾನು ಏನು ಮಾಡಲಿ?
— ತಾಯಿಯೊಬ್ಬರು, ಸಿಂಧನೂರು

ಉತ್ತರ: ತಾಯೀ, ನಿಮ್ಮ ಮನಸ್ಸು ಹೇಳುತ್ತಿರುವುದು ಸರಿಯಾಗಿಯೇ ಇದೆ, ಯಜಮಾನರ ಮಾತೂ ಸುಳ್ಳಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ.

ನಾನು ಬೆಳೆದ ಓಣಿಯಲ್ಲಿ ಇದ್ದದ್ದು ಒಂದು ಕಪ್ಪುಬಿಳುಪು ಟಿ.ವಿ. ಆ ಕಾಲದ ಸಣ್ಣ ಮರುಪ್ರಸಾರ ಕೇಂದ್ರಗಳ ಶಕ್ತಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿಗೆ ಸೋತುಹೋಗುತ್ತಿದ್ದುದರಿಂದ, ಅದರಾಚೆಯ ಹಳ್ಳಿಗಳಲ್ಲಿ ಮಾಳಿಗೆಯ ಮೇಲೆ ಉದ್ದನೆಯ ಕೊಳವೆ ನೆಟ್ಟು ಅದರ ತುದಿಗೆ ಆಂಟೆನಾ ಕಟ್ಟಬೇಕಾಗಿತ್ತು. ಗಾಳಿಗೆ ಅದು ತಿರುಗಿದರೆ ಪರದೆಯ ತುಂಬ ಚುಕ್ಕಿ. ಒಬ್ಬ ಹುಡುಗ ನಿಚ್ಚಣಿಕೆ ಹತ್ತಿ ಕೊಳವೆಯನ್ನು ಅಪ್ಪಿ ಹಿಡಿದು ‘ಬಂತೇನಲೇ?’ ಎಂದು ಕೂಗಬೇಕು, ಅಂಗಳದಲ್ಲಿ ನಿಂತವನು ಒಳಗಿನವರ ಮಾತನ್ನು ‘ಇನ್ನೊಂದೀಟು ಹೊಳ್ಳಿಸು, ಹಾಂ, ಅಲ್ಲೇ ಹಿಡಿ!’ ಎಂದು ಮೇಲಕ್ಕೆ ದಾಟಿಸಬೇಕು. ಮೇಲಿದ್ದವನು ಇಳಿದು ಬರುವಷ್ಟರಲ್ಲಿ ಕತೆ ಮುಂದೆ ಹೋಗಿರುತ್ತಿತ್ತು. ತಪ್ಪಿದ ಭಾಗವನ್ನು ಅವನಿಗೆ ಯಾರಾದರೂ ಹೇಳಲೇಬೇಕು, ಅದು ಅವನ ಹಕ್ಕು. ನಡುವೆ ಕರೆಂಟ್ ಹೋದರೆ ಉಳಿದ ಕತೆಯನ್ನು ನಾವೇ ಕಟ್ಟುತ್ತಿದ್ದೆವು.

ಇನ್ನು ಭಾಷೆ. ರಾಯಚೂರು ಮತ್ತು ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ದಖನಿ ಉರ್ದು ಇಲ್ಲಿನ ಬೀದಿಗೆ ಪರಕೀಯವಲ್ಲ. ಆದರೆ ಹೊಲಕ್ಕೆ ಹೋಗುವ ಮನೆಗಳ ಮಕ್ಕಳಿಗೆ ಟಿ.ವಿ.ಯ ಹಿಂದಿ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ದಖನಿ ಮಾತಾಡುವ ಗೆಳೆಯ ಮುಂದಿನ ಸಾಲಿನಲ್ಲಿ ಕುಳಿತು, ಕರಡಿ ಏನೆಂದಿತು, ಹುಲಿ ಏನೆಂದು ಗದರಿತು ಎಂದು ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದ. ಸೋಮವಾರ ಶಾಲೆಯಲ್ಲಿ, ಟಿ.ವಿ. ನೋಡಲು ಸಿಗದವರಿಗೆ ಅದೇ ಕತೆ ಇನ್ನಷ್ಟು ಬೆಳೆದು ಸಿಗುತ್ತಿತ್ತು. ನಾವು ನೋಡಿದ್ದು ಹಿಂದಿಯಲ್ಲಿ ಎಂಬುದು ನಿಜ. ಆದರೆ ಅದನ್ನು ಹೇಳಿದ್ದೂ ಕೇಳಿದ್ದೂ ಕನ್ನಡದಲ್ಲಿ. ನಿಮಗೆ ನೆನಪಾಗುತ್ತಿರುವ ಖುಷಿ ಆ ಹೇಳುವ ಕೇಳುವ ಭಾಗದ್ದು ಎಂದೇ ನನ್ನ ನಂಬಿಕೆ. ನಿಮ್ಮ ಮಗನಿಗೆ ಪರದೆಯ ಭಾಗ ಬೇಕಾದ್ದಕ್ಕಿಂತ ಹೆಚ್ಚು ಸಿಗುತ್ತಿದೆ, ಈ ಎರಡನೆಯದು ಸಿಗುತ್ತಿಲ್ಲ.

ಆದ್ದರಿಂದ ಮೊಬೈಲನ್ನು ಕಸಿಯುವ ಜಗಳಕ್ಕಿಂತ ಮೊದಲು ಇಷ್ಟು ಮಾಡಿ ನೋಡಿ. ಒಂದು ಕಂತು ಮುಗಿದ ಕೂಡಲೇ ತಾನಾಗಿ ಮುಂದಿನದು ಶುರುವಾಗುವ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ. ಆ ಕಂತಿನ ಕತೆಯನ್ನು ಅಜ್ಜಿಗೆ ಹೇಳಿಬರುವಂತೆ ಕಳಿಸಿ. ಅಜ್ಜಿಗೆ ಹಿಂದಿ ಬಾರದಿದ್ದರೆ ಇನ್ನೂ ಒಳ್ಳೆಯದು. ಅವನು ಕನ್ನಡದಲ್ಲೇ ಹೇಳಬೇಕಾಗುತ್ತದೆ, ಅವರು ‘ಆ ಇಲಿ ಯಾಕ ಓಡಿತೋ?’ ಎಂದು ಕೇಳಿದಾಗ ನಿಂತು ಯೋಚಿಸಬೇಕಾಗುತ್ತದೆ. ಮೊದಮೊದಲು ಎರಡು ವಾಕ್ಯದಲ್ಲಿ ಮುಗಿಸಿ ಓಡಿಬಂದರೂ ಬೇಸರಿಸಬೇಡಿ. ವಾರಕ್ಕೊಮ್ಮೆ ಮೊಬೈಲ್ ಬಿಟ್ಟು ಮನೆಯ ಟಿ.ವಿ.ಯಲ್ಲಿ, ಪಕ್ಕದ ಮನೆಯ ಮಕ್ಕಳನ್ನೂ ಕರೆದು, ಒಗ್ಗರಣೆ ಮಿರ್ಚಿಯ ತಟ್ಟೆ ನಡುವೆ ಇಟ್ಟು ನೋಡಲು ಬಿಟ್ಟರೆ ಮಾತು ತಾನಾಗಿ ಹುಟ್ಟುತ್ತದೆ.

ಕನ್ನಡದ ಕಾರ್ಟೂನುಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಬೇರೆ ಭಾಷೆಯ ಕೃತಿಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ನಿಲುವು ನಮ್ಮ ಚಿತ್ರೋದ್ಯಮದಲ್ಲಿ ದಶಕಗಳ ಕಾಲ ಬಿಗಿಯಾಗಿತ್ತು. ಆ ಅಡ್ಡಿ ಸಲ್ಲದೆಂದು ಭಾರತೀಯ ಸ್ಪರ್ಧಾ ಆಯೋಗ ಆದೇಶಿಸಿದ್ದು 2015ರಲ್ಲಿ. ಕಲಾವಿದರ ಅನ್ನದ ಪ್ರಶ್ನೆ ಅದರ ಹಿಂದಿತ್ತು ಎಂಬುದನ್ನು ನಾನು ಗೌರವಿಸುತ್ತೇನೆ. ಆದರೆ ಕರಡಿಯೋ ಬಾತುಕೋಳಿಯೋ ಕನ್ನಡ ಆಡಿದ್ದರೆ ಯಾವ ನಟನ ಅವಕಾಶವೂ ಕಡಿಮೆಯಾಗುತ್ತಿರಲಿಲ್ಲ, ದನಿ ಕೊಡುವವರಿಗೆ ಕೆಲಸವೇ ಸಿಗುತ್ತಿತ್ತು. ಕನ್ನಡದ ಮಕ್ಕಳ ವಾಹಿನಿ ಚಿಂಟು ಟಿ.ವಿ. ಬರಲು 2009 ಬೇಕಾಯಿತು. ಈಗ ಅಂತರ್ಜಾಲದಲ್ಲಿ ಕನ್ನಡದ ಕತೆಗಳು ಸಾಕಷ್ಟು ಸಿಗುತ್ತವೆ, ಮೊದಲು ನೀವು ಒಂದೆರಡನ್ನು ನೋಡಿ, ಒಳ್ಳೆಯ ಕನ್ನಡ ಇರುವುದನ್ನು ಆರಿಸಿಕೊಡಿ.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ. ಬ್ಯಾಗ್ ಇಲ್ಲದೆ ಮಕ್ಕಳು ಬರುವ ಶನಿವಾರದಂದು ತರಗತಿಯ ಟಿ.ವಿ.ಯಲ್ಲಿ ಕಾರ್ಟೂನು ತೋರಿಸಬೇಕೆಂದಿದ್ದೇನೆ. ಯಾವುದನ್ನು, ಹೇಗೆ ತೋರಿಸಲಿ?
— ಶಿಕ್ಷಕರು, ಸಂಡೂರು

ಉತ್ತರ: ಬಹಳ ಒಳ್ಳೆಯ ಯೋಚನೆ, ಮೇಷ್ಟ್ರೇ. ಮೊದಲ ಶನಿವಾರಕ್ಕೆ ಫಿಲ್ಮ್ಸ್ ಡಿವಿಷನ್ 1974ರಲ್ಲಿ ಹೊರತಂದ, ವಿಜಯಾ ಮುಳೆ ಅವರ ‘ಏಕ್ ಅನೇಕ್ ಔರ್ ಏಕತಾ’ ತೆಗೆದುಕೊಳ್ಳಿ. ಏಳೆಂಟು ನಿಮಿಷಕ್ಕೆ ಮುಗಿಯುತ್ತದೆ. ಬೇಡನ ಬಲೆಯನ್ನು ಹೊತ್ತು ಹಾರುವ ಹಕ್ಕಿಗಳ ಕತೆ ಮಕ್ಕಳು ಪಂಚತಂತ್ರದಿಂದ ಬಲ್ಲದ್ದೇ ಆದ್ದರಿಂದ ಹಿಂದಿ ತೊಡಕಾಗುವುದಿಲ್ಲ. ಮೊದಲ ಸಲ ದನಿಯನ್ನು ಪೂರ್ತಿ ಮುಚ್ಚಿ ತೋರಿಸಿ. ಹಕ್ಕಿಗಳು ಬಲೆಗೆ ಬಿದ್ದಾಗ ನಿಲ್ಲಿಸಿ, ಅವು ಈಗ ಏನೆಂದು ಮಾತಾಡಿಕೊಳ್ಳುತ್ತಿರಬಹುದು ಎಂದು ಕೇಳಿ. ಸಾಲಿಗೊಂದು ಹಕ್ಕಿಯ ಪಾತ್ರ ಹಂಚಿ, ಮಕ್ಕಳು ಮನೆಯಲ್ಲಿ ಆಡುವ ಮಾತಿನಲ್ಲೇ ದನಿ ಕೊಡಲಿ, ತೆಲುಗು ಆಡುವ ಮನೆಯ ಮಗು ತೆಲುಗಿನಲ್ಲಿ, ಲಂಬಾಣಿ ಆಡುವ ಮಗು ಲಂಬಾಣಿಯಲ್ಲಿ. ಎರಡನೆಯ ಸಲ ದನಿಯೊಂದಿಗೆ ಪೂರ್ತಿ ತೋರಿಸಿ. ಟಿ.ವಿ. ಕೈಕೊಟ್ಟರೂ ಚಿಂತೆಯಿಲ್ಲ, ಬಲೆಗೆ ಬಿದ್ದ ಹಕ್ಕಿಗಳನ್ನು ಹಲಗೆಯ ಮೇಲೆ ಬಿಡಿಸಿ ಅಲ್ಲಿಂದ ಮುಂದಕ್ಕೆ ನಡೆಸಬಹುದು. ಮಕ್ಕಳು ಕೊಟ್ಟ ಮಾತುಗಳಲ್ಲಿ ನಾಲ್ಕನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.